ಈ ವರ್ಷದ ಪಟ್ಟಿಗೆ ಯಾವ ಸಾಹಸ? ಬಿಸಿಲುನಾಡಿನ ಮೂರು ಜಿಲ್ಲೆಗಳ ಒಂದು ಹೋಲಿಕೆ

ವರ್ಷದ ಆರಂಭದಲ್ಲಿ ಹೊಸ ಅನುಭವಗಳ ಪಟ್ಟಿ ಬರೆದಿಡುವ ರೂಢಿ ಈಗ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗೂ ಬಂದಿದೆ. ಆ ಪಟ್ಟಿಗಳಲ್ಲಿ ಹಿಮಾಲಯದ ಚಾರಣ, ದಾಂಡೇಲಿಯ ರಾಫ್ಟಿಂಗ್, ಗೋವೆಯ ಸಮುದ್ರ, ಕೊಡಗಿನ ಮಂಜು ತಪ್ಪದೆ ಇರುತ್ತವೆ. ರಜೆ, ಹಣ, ಮನೆಯವರ ಒಪ್ಪಿಗೆ ಮೂರೂ ಒಂದೇ ವಾರದಲ್ಲಿ ಕೂಡಿಬರುವುದು ಅಪರೂಪವಾದ್ದರಿಂದ ಡಿಸೆಂಬರ್ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಕಾಗದದಲ್ಲಿಯೇ ಉಳಿಯುತ್ತವೆ. ದೂರದ ಕನಸುಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟು ರಾತ್ರಿಯ ಊಟಕ್ಕೆ ಮನೆ ಸೇರಬಹುದಾದ ಅನುಭವಗಳು ನಮ್ಮ ಮೂರು ಜಿಲ್ಲೆಗಳಲ್ಲಿ ಬೇಕಾದಷ್ಟಿವೆ, ಮತ್ತು ಅವುಗಳಲ್ಲಿ ಯಾವುದನ್ನು ಯಾವಾಗ ಆರಿಸಿಕೊಳ್ಳಬೇಕೆಂಬುದನ್ನು ಯಾರೂ ಕುಳಿತು ಹೋಲಿಸಿ ನೋಡುವುದಿಲ್ಲ ಎಂಬ ಕೊರಗು ನನಗಿದೆ. ಈ ಬರಹ ಆ ಹೋಲಿಕೆಗಾಗಿ.

ಸ್ಥಳದ ಹೆಸರು, ಅದರ ಚಿತ್ರ, ಅಲ್ಲಿಗೆ ಹೋಗಿಬಂದವರ ಹೊಗಳಿಕೆ ಇವುಗಳಿಗಿಂತ ಎರಡು ಪ್ರಶ್ನೆಗಳು ಇಲ್ಲಿ ಹೆಚ್ಚು ಮುಖ್ಯ. ಮೊದಲನೆಯದು, ಅಲ್ಲಿಯ ನೆಲ ಎಂಥದು? ಎರಡನೆಯದು, ಯಾವ ತಿಂಗಳು? ಈ ಎರಡಕ್ಕೆ ಉತ್ತರ ಸಿಕ್ಕರೆ ಪಟ್ಟಿಯ ಅರ್ಧ ಕೆಲಸ ಮುಗಿದಂತೆ.

ನೆಲ ಮತ್ತು ತಿಂಗಳು

ಹೊರಗಿನವರ ಕಣ್ಣಿಗೆ ಈ ಮೂರು ಜಿಲ್ಲೆಗಳು ಒಂದೇ ಬಯಲಾಗಿ ಕಾಣುತ್ತವೆ. ಕಲ್ಲಿನ ಲೆಕ್ಕದಲ್ಲಿ ಮಾತ್ರ ಅವು ಬೇರೆಬೇರೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ ಆ ಕೆಂಪು ಕಲ್ಲು ಮಳೆನೀರನ್ನು ಹೀರಿ ಕೆಳಕ್ಕೆ ಇಳಿಸುತ್ತದೆ, ಅಡಿಯಲ್ಲಿರುವ ಗಟ್ಟಿಯಾದ ಬಸಾಲ್ಟ್ ಪದರ ಆ ನೀರನ್ನು ತಡೆದು ನಿಲ್ಲಿಸುತ್ತದೆ, ಎರಡೂ ಕೂಡುವ ಅಂಚಿನಲ್ಲಿ ಒರತೆಗಳು ಹೊರಡುತ್ತವೆ. ಬೀದರಿನ ಸುತ್ತ ಝರಣಿಗಳು ಇಷ್ಟೊಂದು ಇರುವುದಕ್ಕೂ, 15ನೆಯ ಶತಮಾನದಲ್ಲಿ ಬಹಮನಿ ಅರಸರು ಪರ್ಷಿಯಾದ ಪದ್ಧತಿಯಂತೆ ನೆಲದಡಿಯಲ್ಲಿ ನೀರು ಹರಿಸುವ ಕರೇಜ್ ಸುರಂಗಗಳನ್ನು ತೋಡಿಸಲು ಸಾಧ್ಯವಾದದ್ದಕ್ಕೂ ಇದೇ ಕಾರಣ. ಕಲಬುರಗಿ ಜಿಲ್ಲೆಯ ಹೆಚ್ಚಿನ ಭಾಗ ಬಸಾಲ್ಟ್ ಕರಗಿ ಆದ ಕಪ್ಪು ಎರೆಭೂಮಿ. ದಕ್ಷಿಣಕ್ಕೆ ಸರಿದಂತೆ ಭೀಮಾ ಕೊಳ್ಳದ ಸುಣ್ಣಕಲ್ಲು ಸಿಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಪರಸಿ ಅದೇ ಕಲ್ಲು. ಯಾದಗಿರಿ, ಶಹಾಪುರ, ಸುರಪುರದ ಕಡೆ ಬಂದರೆ ಗ್ರಾನೈಟ್ ಗುಂಡುಗಳ ಮೇಲೆ ಗುಂಡುಗಳನ್ನು ಪೇರಿಸಿದಂತಿರುವ ಗುಡ್ಡಗಳು ಏಳುತ್ತವೆ. ಆದ್ದರಿಂದ ನೆಲದೊಳಗೆ ಇಳಿದು ನೋಡುವ ಅನುಭವ ಬೇಕಾದವರು ಬೀದರಿಗೂ, ಏರುವ ಅನುಭವ ಬೇಕಾದವರು ಯಾದಗಿರಿಗೂ, ದೂರ ನಡೆಯುವ ಅನುಭವ ಬೇಕಾದವರು ಕಲಬುರಗಿಯ ಚಿಂಚೋಳಿಗೂ ಮುಖ ಮಾಡುವುದು ಸರಿ.

ತಿಂಗಳಿನ ವಿಷಯದಲ್ಲಿ ನಮ್ಮ ಭಾಗ ಯಾರ ಮಾತನ್ನೂ ಕೇಳುವುದಿಲ್ಲ. ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಕಲಬುರಗಿಯಲ್ಲಿ ಅದು 43, 44ಕ್ಕೂ ಏರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಬಂಡೆಯ ಮೇಲಿರುವುದು ಆಪತ್ತಿಗೆ ಆಹ್ವಾನ ಕೊಟ್ಟಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್‌ನಲ್ಲಿ ಹಿಂಗಾರಿನ ಮಳೆ, ನವೆಂಬರ್‌ನಿಂದ ಫೆಬ್ರವರಿವರೆಗೆ ತಿಳಿ ಆಕಾಶ ಮತ್ತು ಒಳ್ಳೆಯ ಚಳಿ. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿಯ ಚಳಿಗಾಲದ ಮುಂಜಾವು ಕೆಲವು ವರ್ಷ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಸ್ವೆಟರ್ ಇಲ್ಲದೆ ಹೊರಟ ಕಲಬುರಗಿಯವರಿಗೆ ಇದು ಅನಿರೀಕ್ಷಿತ.

ಏರುವುದಾದರೆ

ಗುಡ್ಡ ಹತ್ತುವ ಅನುಭವ ಎಂದೂ ಇಲ್ಲದವರಿಗೆ ನಾನು ಮೊದಲು ಹೇಳುವುದು ಯಾದಗಿರಿ ಕೋಟೆಯನ್ನು. ಊರಿನ ನಟ್ಟನಡುವೆ, ಸುತ್ತಲಿನ ಮನೆಗಳಿಂದ ಸುಮಾರು 100 ಮೀಟರ್ ಎತ್ತರಕ್ಕೆ ಎದ್ದು ನಿಂತಿರುವ ಈ ಬಂಡೆಗುಡ್ಡಕ್ಕೆ ರೈಲಿನಲ್ಲಿ ಬಂದವರು ನಿಲ್ದಾಣದಿಂದ ಆಟೊದಲ್ಲೇ ತಲುಪಬಹುದು. ಕಲಬುರಗಿಯಿಂದ ಯಾದಗಿರಿಗೆ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನ ಪ್ರಯಾಣ. ಮೆಟ್ಟಿಲುಗಳಿವೆ, ಬಾಗಿಲುಗಳಿವೆ, ದಣಿದಾಗ ಕುಳಿತುಕೊಳ್ಳಲು ನೆರಳಿದೆ. ಏರುತ್ತಾ ಹೋದಂತೆ ಬಂಡೆಯಲ್ಲಿ ಕೊರೆದ ತೀರ್ಥಂಕರರು, ದೇವಾಲಯ, ಮಸೀದಿ, ಮಳೆನೀರು ಹಿಡಿದಿಟ್ಟ ಹೊಂಡಗಳು, ಕೊನೆಗೆ ಮೇಲಿನ ಫಿರಂಗಿಗಳು ಒಂದಾದ ಮೇಲೊಂದು ಎದುರಾಗುತ್ತವೆ. ಒಂದೇ ಗುಡ್ಡದಲ್ಲಿ ಇಷ್ಟು ಕಾಲಘಟ್ಟಗಳು ಪದರುಪದರಾಗಿ ಕಾಣುವ ಜಾಗ ನಮ್ಮ ಭಾಗದಲ್ಲಿ ಕಡಿಮೆ. ತುದಿಯಿಂದ ಭೀಮಾ ನದಿಯ ಕಡೆಗಿನ ಹಸಿರು ಕಾಣುತ್ತದೆ. ನಿಧಾನವಾಗಿ ಹತ್ತುವವರಿಗೂ ಒಂದು ಗಂಟೆ ಸಾಕಾಗುತ್ತದೆ ಎಂಬುದೇ ಇದರ ದೊಡ್ಡ ಗುಣ. ಮೊದಲ ಸಲ ಏರಿದವರು ತುದಿ ಮುಟ್ಟಿ ಇಳಿಯುತ್ತಾರೆ, ಮತ್ತೆ ಏರುವ ಮನಸ್ಸು ಅವರಿಗೆ ಉಳಿಯುತ್ತದೆ.

ಶಹಾಪುರದ ಗುಡ್ಡಗಳು ಇದಕ್ಕಿಂತ ಕಠಿಣ. ರಸ್ತೆಯಿಂದ ನೋಡಿದಾಗ ಇಡೀ ಸಾಲು ಮಲಗಿದ ಬುದ್ಧನ ಮುಖ, ಎದೆ, ಕಾಲುಗಳಾಗಿ ಕಾಣುವುದನ್ನು ಬಹಳ ಜನ ನೋಡಿರುತ್ತಾರೆ. ಆ ನೋಟಕ್ಕೆ ವಾಹನ ನಿಲ್ಲಿಸಿದರೆ ಸಾಕು, ಏರಬೇಕಾಗಿಲ್ಲ. ಏರುವುದಾದರೆ ಮೆಟ್ಟಿಲಿಲ್ಲದ ಕಡೆ ದಾರಿ ಹುಡುಕಿಕೊಳ್ಳಬೇಕು, ಗುಂಡುಗಳ ನಡುವೆ ಕೈಯೂರಿ ದಾಟಬೇಕು, ಇಳಿಯುವಾಗ ಮೊಣಕಾಲಿಗೆ ಕೆಲಸ ಬೀಳುತ್ತದೆ. ಗ್ರಾನೈಟ್ ಒಣಗಿದಾಗ ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಮಳೆ ಬಿದ್ದು ಪಾಚಿ ಕಟ್ಟಿದಾಗ ಅದೇ ಬಂಡೆ ನಂಬಿಕೆಗೆ ಅರ್ಹವಲ್ಲ. ಹೀಗಾಗಿ ಶಹಾಪುರ ನವೆಂಬರ್‌ನಿಂದ ಫೆಬ್ರವರಿವರೆಗಿನ ಆಯ್ಕೆ ಮಾತ್ರ. ಹಗ್ಗ ಕಟ್ಟಿ ಬಂಡೆ ಏರುವ ವಿದ್ಯೆಯನ್ನೇ ಪಟ್ಟಿಯಲ್ಲಿ ಬರೆದುಕೊಂಡವರು ವಿಡಿಯೊ ನೋಡಿ ಇಲ್ಲಿ ಪ್ರಯೋಗಿಸಬಾರದು. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ತರಬೇತಿ ಪಡೆದು, ಅನುಭವಿಗಳ ಜೊತೆ ಮಾತ್ರ ಬಂಡೆಗೆ ಕೈ ಹಚ್ಚಬೇಕು.

ಎರಡೂ ಕಡೆಗಳಿಗೆ ಒಂದು ಎಚ್ಚರಿಕೆ ಸಮಾನ. ಎತ್ತರದ ಬಂಡೆಗಳಲ್ಲಿ, ಹಳೆಯ ಕೋಟೆಗೋಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಹೊಗೆ, ಗಾಢವಾದ ಸುಗಂಧದ್ರವ್ಯ, ಕಲ್ಲೆಸೆತ ಇವು ಮೂರೂ ಅದನ್ನು ಕೆರಳಿಸುತ್ತವೆ. ಮಕ್ಕಳಿಗೆ ಇದನ್ನು ಗುಡ್ಡದ ಬುಡದಲ್ಲೇ ತಿಳಿಸಿ ಹೇಳಬೇಕು.

ಬೀದರ್ ಕೋಟೆಯನ್ನು ನಾನು ಏರುವ ಸಾಲಿಗೆ ಸೇರಿಸುವುದಿಲ್ಲ. ಅದು ಸುತ್ತುವ ಕೋಟೆ. ಜಂಬಿಟ್ಟಿಗೆಯನ್ನೇ ಕಡಿದು ಮಾಡಿದ ಮೂರು ಪಟ್ಟಿನ ಕಂದಕವನ್ನು ನೋಡುತ್ತಾ ಒಳಹೊಕ್ಕು, ರಂಗೀನ್ ಮಹಲಿನ ಮರದ ಕೆತ್ತನೆ ಮತ್ತು ಮುತ್ತಿನ ಚಿಪ್ಪಿನ ಕುಸುರಿಯನ್ನು ಕಂಡು, ಸೋಲಹ್ ಖಂಬ ಮಸೀದಿಯ ಕಂಬಗಳ ಸಾಲಿನಲ್ಲಿ ನಿಂತು, ಕೋಟೆಗೋಡೆಯ ಉದ್ದಕ್ಕೂ ನಡೆದರೆ ಅರ್ಧ ದಿನ ಬೇಕೇ ಬೇಕು. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರು ಯಾದಗಿರಿಯ ಬದಲು ಇದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕಾಡೋ, ಹುಲ್ಲುಗಾವಲೋ

ಕಲಬುರಗಿಯವರಿಗೆ ಕಾಡು ಎಂದರೆ ಇನ್ನೂ ಮಲೆನಾಡೇ ನೆನಪಾಗುತ್ತದೆ. ಚಿಂಚೋಳಿ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಅಂಟಿಕೊಂಡು, 134.88 ಚದರ ಕಿಲೊಮೀಟರ್ ವಿಸ್ತಾರದ ವನ್ಯಜೀವಿ ಧಾಮವಿದೆ. 2011ರಲ್ಲಿ ಘೋಷಣೆಯಾದ ಈ ಧಾಮವನ್ನು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಗುರುತಿಸುತ್ತಾರೆ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಇಲ್ಲಿಯ ನಿವಾಸಿಗಳು. ನಡುವೆ ಚಂದ್ರಂಪಳ್ಳಿ ಜಲಾಶಯ, ಅಂಚಿನಲ್ಲಿ ಲಂಬಾಣಿ ತಾಂಡಾಗಳು, ಗೊಟ್ಟಂಗೊಟ್ಟದ ಕಣಿವೆ, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ ಜಲಪಾತ, ಇವೆಲ್ಲ ಒಂದು ದಿನದ ಸುತ್ತಿನೊಳಗೆ ಬರುತ್ತವೆ.

ಇಲ್ಲಿಗೆ ಬರುವವರು ಪ್ರಾಣಿ ಕಾಣುತ್ತದೆಂಬ ಖಾತ್ರಿಯಿಂದ ಬರಬಾರದು. ಒಣ ಎಲೆಯುದುರು ಕಾಡಿನ ಪ್ರಾಣಿಗಳು ಬಹುಪಾಲು ರಾತ್ರಿ ಸಂಚರಿಸುತ್ತವೆ, ಮನುಷ್ಯರ ಸದ್ದಿಗೆ ಸರಿದು ಹೋಗುತ್ತವೆ. ಚಿಂಚೋಳಿಯ ನಿಜವಾದ ಕೊಡುಗೆ ನಡಿಗೆ. ಜುಲೈ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಕಾಡು ಎಷ್ಟು ದಟ್ಟವಾಗಿ ಹಸಿರಾಗುತ್ತದೆಂದರೆ, ಮೇ ತಿಂಗಳಲ್ಲಿ ಅದೇ ದಾರಿಯಲ್ಲಿ ಹೋದವರು ಇದು ಅದೇ ಕಾಡೆಂದು ನಂಬಲಾರರು. ಫೆಬ್ರವರಿಯ ಕೊನೆಗೆ ಎಲೆಗಳುದುರಿ ಮುತ್ತುಗ ಹೂವಾದಾಗ ಇನ್ನೊಂದು ಕಾಡೇ ಕಾಣುತ್ತದೆ. ಪಟ್ಟಿಯಲ್ಲಿ ಒಂದು ಜಾಗವನ್ನು ಎರಡು ಸಲ ಬರೆಯಲು ಅವಕಾಶವಿದ್ದರೆ ನಾನು ಚಿಂಚೋಳಿಯನ್ನೇ ಬರೆಯುತ್ತೇನೆ, ಒಮ್ಮೆ ಮಳೆಗೆ, ಒಮ್ಮೆ ಮುತ್ತುಗಕ್ಕೆ. ಒಂದೇ ನೆಲ ಋತುವಿನೊಡನೆ ಹೇಗೆ ಬದಲಾಗುತ್ತದೆಂಬುದನ್ನು ನೋಡುವುದೂ ಹೊಸ ಅನುಭವವೇ. ಹನ್ನೆರಡು ತಿಂಗಳಿಗೆ ಹನ್ನೆರಡು ಊರು ಎಂಬ ಲೆಕ್ಕ ಈ ಆನಂದವನ್ನು ಕಸಿದುಕೊಳ್ಳುತ್ತದೆ.

ಇದಕ್ಕೆ ಎದುರಾಗಿ ಬೀದರಿನ ಕೃಷ್ಣಮೃಗಗಳನ್ನು ಇಡಬಹುದು. ಬೀದರ್ ಸುತ್ತಿನ ಹೊನ್ನಿಕೇರಿ ಕಡೆಯ ಕುರುಚಲು ಮತ್ತು ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಕಾಣುವ ಸಾಧ್ಯತೆ ಚಿಂಚೋಳಿಯಲ್ಲಿ ತೋಳ ಕಾಣುವ ಸಾಧ್ಯತೆಗಿಂತ ಬಹಳ ಹೆಚ್ಚು, ಏಕೆಂದರೆ ಅದು ಹಗಲಿನಲ್ಲಿ, ಬಯಲಿನಲ್ಲಿ, ಹಿಂಡಾಗಿ ಮೇಯುವ ಪ್ರಾಣಿ. ಸುರುಳಿ ಕೊಂಬಿನ ಕಪ್ಪು ಗಂಡು, ಕಂದು ಬಣ್ಣದ ಹೆಣ್ಣುಗಳು, ಬೆದರಿದಾಗ ಚಿಮ್ಮಿ ನೆಗೆಯುವ ರೀತಿ, ಇವನ್ನು ನಸುಕಿನ ಬೆಳಕಿನಲ್ಲಿ ನೋಡುವುದು ಮಕ್ಕಳಿಗೆ ದೊಡ್ಡ ಸಂಭ್ರಮ. ಇದಕ್ಕೆ ಬೇಕಾದದ್ದು ಕಾಲಿನ ಶಕ್ತಿಗಿಂತ ತಾಳ್ಮೆ, ಒಂದು ದುರ್ಬೀನು, ಮತ್ತು ದೂರ ಉಳಿಯುವ ಸಂಯಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿ ಇದು. ಬೈಕಿನಲ್ಲಿ ಹಿಂಡನ್ನು ಬೆನ್ನಟ್ಟಿ ವಿಡಿಯೊ ಮಾಡುವುದು ಅಪರಾಧ. ಅಪರಾಧವಾಗಿರದಿದ್ದರೂ ಅದು ಕ್ರೌರ್ಯವೇ.

ನಡೆಯಬಲ್ಲವರಿಗೆ ಚಿಂಚೋಳಿ, ಚಿಕ್ಕ ಮಕ್ಕಳಿರುವವರಿಗೆ ಬೀದರಿನ ಹುಲ್ಲುಗಾವಲು ಎಂಬುದು ನನ್ನ ನಿಲುವು. ಚಿಂಚೋಳಿಯಲ್ಲಿ ಎಲ್ಲಿಯವರೆಗೆ ಹೋಗಬಹುದು, ಜೊತೆಗೆ ಸಿಬ್ಬಂದಿ ಬರುತ್ತಾರೆಯೇ ಎಂಬುದನ್ನು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿ ಒಪ್ಪಿಗೆ ಪಡೆದೇ ಒಳಗೆ ಕಾಲಿಡಬೇಕು. ಕೊಳಕುಮಂಡಲ, ನಾಗರ, ಕಟ್ಟುಹಾವು ಈ ಸೀಮೆಯಲ್ಲಿ ಎಲ್ಲ ಕಡೆ ಇವೆ. ಪಾದ ಮುಚ್ಚುವ ಬೂಟು, ಉದ್ದ ಪ್ಯಾಂಟು ಕಡ್ಡಾಯ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಬಾಯಿಂದ ವಿಷ ಹೀರುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೆ ಸಾಗಿಸಬೇಕು.

ನೀರಿನ ನಾಲ್ಕು ಅನುಭವಗಳು

ನೀರಿನ ಸಾಹಸ ಎಂದ ಕೂಡಲೇ ಜಲಪಾತ ನೆನಪಾಗುವುದು ಸಹಜ. ನನ್ನ ಮಟ್ಟಿಗೆ ಈ ಭಾಗದ ಅತ್ಯಂತ ವಿಶಿಷ್ಟವಾದ ನೀರಿನ ಅನುಭವ ಇರುವುದು ಬೀದರಿನ ನರಸಿಂಹ ಝರಣಿಯಲ್ಲಿ. ಬೆಟ್ಟದ ಕೆಳಗೆ ಕೊರೆದ ಸುಮಾರು 300 ಮೀಟರ್ ಉದ್ದದ ಸುರಂಗ, ಅದರಲ್ಲಿ ಸೊಂಟದಿಂದ ಎದೆಯವರೆಗೆ ಬರುವ ನೀರು, ತಲೆಯ ಮೇಲೆ ಬಾವಲಿಗಳು, ಕೊನೆಯಲ್ಲಿ ಕಲ್ಲಿನ ಗೋಡೆಯಲ್ಲಿ ಮೂಡಿದ ನರಸಿಂಹ. ಅಲ್ಲಿ ಕೆಲವೇ ಜನ ನಿಲ್ಲಬಹುದಾದಷ್ಟು ಜಾಗವಿದೆ. ಸಂಹಾರಗೊಂಡ ರಕ್ಕಸ ನೀರಾಗಿ ಸ್ವಾಮಿಯ ಪಾದದಿಂದ ಹರಿಯುತ್ತಿದ್ದಾನೆಂದು ಭಕ್ತರು ನಂಬುತ್ತಾರೆ. ಜಂಬಿಟ್ಟಿಗೆ ಹೀರಿದ ಮಳೆ ಇಲ್ಲಿ ಹೊರಬರುತ್ತಿದೆ ಎಂದು ಭೂವಿಜ್ಞಾನ ಹೇಳುತ್ತದೆ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ನೀರಿನಲ್ಲಿ ನಡೆದವರಿಗೆ ಕಾಲ ಕೆಳಗಿನ ನೆಲದ ಮೇಲೆ ಹೊಸ ಗೌರವ ಹುಟ್ಟುತ್ತದೆ. ಇಕ್ಕಟ್ಟಿನ ಜಾಗದ ಭಯ, ಉಬ್ಬಸ, ಹೃದಯದ ತೊಂದರೆ ಇರುವವರು ಒಳಗೆ ಹೋಗಬಾರದು. ಗಾಳಿ ಕಡಿಮೆ, ಹಬ್ಬದ ದಿನಗಳಲ್ಲಿ ನೂಕುನುಗ್ಗಲು ಹೆಚ್ಚು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವ ರೂಢಿ ಇದೆಯಾದರೂ ಐದು ವರ್ಷಕ್ಕಿಂತ ಚಿಕ್ಕವರನ್ನು ನಾನಂತೂ ಕರೆದೊಯ್ಯಲು ಒಪ್ಪುವುದಿಲ್ಲ. ನೀರಿನ ಮಟ್ಟ ಮತ್ತು ನಿರ್ವಹಣೆಯನ್ನು ನೋಡಿಕೊಂಡು ಪ್ರವೇಶವನ್ನು ಕೆಲವೊಮ್ಮೆ ನಿಲ್ಲಿಸುತ್ತಾರೆ. ಹೊರಡುವ ಮೊದಲು ವಿಚಾರಿಸುವುದು ಅಗತ್ಯ, ವಾರದ ನಡುವಿನ ದಿನ ಉತ್ತಮ.

ಅದೇ ದಿನ ನೌಬಾದಿನ ಕರೇಜ್ ನೋಡುವುದನ್ನು ಮರೆಯಬಾರದು. ಇಳಿಜಾರಾಗಿ ತೋಡಿದ ಸುರಂಗದ ಮೂಲಕ ನೀರು ತಾನಾಗಿಯೇ ಹರಿಯುವಂತೆಯೂ, ನಡುನಡುವೆ ಬಿಟ್ಟ ಗಾಳಿಬಾವಿಗಳಿಂದ ಜನರು ಅದನ್ನು ಸೇದುವಂತೆಯೂ ಮಾಡಿದ ಏರ್ಪಾಡು ಅದು. ಝರಣಿಯಲ್ಲಿ ದೇಹಕ್ಕೆ ತಿಳಿದದ್ದು ಇಲ್ಲಿ ಬುದ್ಧಿಗೆ ತಿಳಿಯುತ್ತದೆ. ಸುರಂಗದೊಳಗೆ ಇಳಿಯುವ ಆಸೆ ಬೇಡ, ಬಾಯಿಯ ಬಳಿ ನಿಂತು ನೋಡಿದರೆ ಸಾಕು.

ಜಲಪಾತಗಳ ವಿಷಯ ಚಿಕ್ಕದು. ಚಿಂಚೋಳಿಯ ಎತ್ತಿಪೋತ, ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ನಜರಾಪುರದ ದಬ್‌ದಬಿ, ಚಿಂತನಹಳ್ಳಿಯ ಗವಿ ಸಿದ್ಧಲಿಂಗೇಶ್ವರದ ಬಳಿಯ ಧಾರೆ, ಮೂರೂ ಮಳೆಯನ್ನೇ ನಂಬಿಕೊಂಡವು. ಒಳ್ಳೆಯ ಮಳೆ ಬಿದ್ದ ಎರಡು ಮೂರು ದಿನಗಳ ನಂತರ ಹೋದವರಿಗೆ ಸಂತೋಷ, ಜನವರಿಯಲ್ಲಿ ಹೋದವರಿಗೆ ಬರಿಯ ಬಂಡೆ. ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ ಕಲಬುರಗಿಯವರು ಚಿಂಚೋಳಿಯ ನಡಿಗೆಯ ಜೊತೆಗೇ ಎತ್ತಿಪೋತವನ್ನು ಸೇರಿಸಿಕೊಳ್ಳಬಹುದು, ಯಾದಗಿರಿಯವರಿಗೆ ಗುರುಮಠಕಲ್ ದಾರಿ ಹತ್ತಿರ. ಧಾರೆಯ ಕೆಳಗಿನ ಹೊಂಡಕ್ಕೆ ಇಳಿಯುವುದು, ಜಾರುವ ತುದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಇಂಥ ಜಾಗಗಳಲ್ಲಿ ಜೀವ ತೆಗೆದಿವೆ. ನದಿಯ ಮಾತು ಬಂದಾಗ ಇನ್ನೂ ಹೆಚ್ಚು ಎಚ್ಚರ ಬೇಕು: ಮಹಾರಾಷ್ಟ್ರದ ಉಜ್ಜನಿ ಜಲಾಶಯದಿಂದ ನೀರು ಬಿಟ್ಟರೆ ನಮ್ಮಲ್ಲಿ ಹನಿ ಮಳೆಯಿಲ್ಲದಿದ್ದರೂ ಭೀಮಾ ನದಿ ಏರುತ್ತದೆ. 2020ರ ಅಕ್ಟೋಬರ್‌ನ ಪ್ರವಾಹವನ್ನು ಕಂಡ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ಬೋನಾಳ. ಸುರಪುರದ ಅರಸರ ಕಾಲದ ಈ ದೊಡ್ಡ ಕೆರೆ ಇಂದು ಪಕ್ಷಿಧಾಮ. ಚಳಿಗಾಲದಲ್ಲಿ ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಧ್ಯ ಏಷ್ಯಾ, ಟಿಬೆಟ್, ಮಂಗೋಲಿಯಾದ ಕಡೆಯಿಂದ ಹಿಮಾಲಯವನ್ನೇ ದಾಟಿ ಹಾರುವ ಹಕ್ಕಿ ಅದು. ನೀರಿಗೆ ಇಳಿಯುವುದಿಲ್ಲ, ಮೈ ದಣಿಯುವುದಿಲ್ಲ, ಆದ್ದರಿಂದ ಇದು ಸಾಹಸವೇ ಎಂದು ಕೇಳುವವರಿದ್ದಾರೆ. ಡಿಸೆಂಬರ್‌ನ ಬೆಳಗಿನ ಐದು ಗಂಟೆಗೆ ಎದ್ದು, ಚಳಿಯಲ್ಲಿ ಕೆರೆಯೇರಿಯ ಮೇಲೆ ಮಾತಿಲ್ಲದೆ ಎರಡು ಗಂಟೆ ಕುಳಿತು, ಹೆಸರು ಗೊತ್ತಿಲ್ಲದ ಹಕ್ಕಿಯ ಕೊಕ್ಕು, ಕಾಲು, ಹಾರುವ ಬಗೆಯನ್ನು ಗಮನಿಸಿ ಬರೆದುಕೊಳ್ಳುವುದು ಹೊಸಬರಿಗೆ ಕಷ್ಟದ ಕೆಲಸವೇ. ಒಮ್ಮೆ ಕಲಿತರೆ ಆ ಕಣ್ಣು ಊರಿಗೆ ಮರಳಿದ ಮೇಲೂ ಕೆಲಸ ಮಾಡುತ್ತದೆ. ಕಲಬುರಗಿಯ ಅಪ್ಪನ ಕೆರೆಯ ಮೇಲೂ ಹಕ್ಕಿಗಳು ಇದ್ದವೆಂಬುದು ಆಗ ಕಾಣುತ್ತದೆ.

ಕಲ್ಲಿನ ಸಾಲು ಮತ್ತು ಇರುಳು

ಈ ಆಯ್ಕೆಯನ್ನು ಯಾರ ಪಟ್ಟಿಯಲ್ಲೂ ನಾನು ಕಂಡಿಲ್ಲ, ಅದಕ್ಕಾಗಿಯೇ ಸ್ವಲ್ಪ ಹೆಚ್ಚು ಹೇಳುತ್ತೇನೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಯಲಿನ ಮೇಲೆ ದೊಡ್ಡ ಗುಂಡುಕಲ್ಲುಗಳನ್ನು ಸಾಲುಸಾಲಾಗಿ, ಅಳತೆಯಿಟ್ಟಂತೆ ಜೋಡಿಸಿದ್ದಾರೆ. ಬೃಹತ್ ಶಿಲಾಯುಗದ ಸಂಸ್ಕೃತಿಗೆ ಸೇರಿದ ಈ ಸಾಲುಗಳನ್ನು, ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಗಮನಿಸಿ ಬರೆದಿದ್ದಾನೆ. ಸಾಲುಗಳ ದಿಕ್ಕಿಗೂ ಅಯನಗಳ ದಿನದ ಸೂರ್ಯನ ಹುಟ್ಟು ಮುಳುಗುಗಳ ದಿಕ್ಕಿಗೂ ಇರುವ ನಂಟನ್ನು ಇತ್ತೀಚಿನ ಸಂಶೋಧಕರು ಪರಿಶೀಲಿಸಿದ್ದಾರೆ. ಜೂನ್ 21ರ ಸುಮಾರಿಗೆ ನಮ್ಮಲ್ಲಿ ಮೋಡ ಕವಿದಿರುತ್ತದೆ. ಡಿಸೆಂಬರ್ 21, 22ರ ಆಕಾಶ ಮಾತ್ರ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಆ ಸಂಜೆ ಅಲ್ಲಿ ನಿಂತು, ಸಾವಿರಾರು ವರ್ಷಗಳ ಹಿಂದೆ ಇದೇ ಬಯಲಿನಲ್ಲಿ ಕಲ್ಲು ಹೊತ್ತ ಜನ ನೋಡಿದ ದಿಕ್ಕಿನತ್ತ ನೋಡುವುದು ಹಣ ಕೊಟ್ಟು ಕೊಳ್ಳಲಾಗದ ಅನುಭವ.

ಇದಕ್ಕೆ ಹೋಲಿಸಬಹುದಾದದ್ದು ನಾರಾಯಣಪುರದ ಕಡೆಯ ರಾಜನಕೋಳೂರಿನ ಕಲ್ಗೋರಿಗಳು. ನಿಲ್ಲಿಸಿದ ಚಪ್ಪಡಿಗಳ ಮೇಲೆ ಚಪ್ಪಡಿ ಹೊದಿಸಿದ ಆ ಕಲ್ಮನೆಗಳು ಕಣ್ಣಿಗೆ ತಕ್ಷಣ ಅರ್ಥವಾಗುತ್ತವೆ. ವಿಭೂತಿಹಳ್ಳಿಯ ಕಲ್ಲುಗಳು ಅರ್ಥವಾಗಬೇಕಾದರೆ ಸಾಲಿನ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಗೆ ದೃಷ್ಟಿ ಹಾಯಿಸುವ ಶ್ರಮ ಬೇಕು. ಮೊದಲ ಸಲಕ್ಕೆ ರಾಜನಕೋಳೂರು ಸುಲಭ, ಆದರೆ ಅದು ಕಲಬುರಗಿಯಿಂದ ದೂರ. ಆ ದಾರಿಯಲ್ಲೇ ಹುಣಸಗಿ ಸಿಗುತ್ತದೆ. ಹನ್ನೆರಡು ಲಕ್ಷ ವರ್ಷಗಳಷ್ಟು ಹಿಂದಿನದೆಂದು ವಿದ್ವಾಂಸರು ಅಂದಾಜಿಸುವ ಕಲ್ಲಿನ ಕೈಗೊಡಲಿಗಳು ಅದರ ಸುತ್ತಲಿನ ಕಣಿವೆಯಲ್ಲಿ ದೊರೆತಿವೆ. ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಇಸಾಂಪುರದಲ್ಲಿ ನಡೆಸಿದ ಉತ್ಖನನದಿಂದ ಈ ಕಣಿವೆಯ ಹೆಸರು ಲೋಕದ ಪ್ರಾಗಿತಿಹಾಸದಲ್ಲಿ ಸೇರಿದೆ. ಇಲ್ಲಿ ಕಂಡ ಕಲ್ಲನ್ನು ಜೇಬಿಗೆ ಹಾಕಿಕೊಳ್ಳಬಾರದೆಂಬುದು ಜೊತೆಗಿರುವ ಹುಡುಗರಿಗೆ ಗೊತ್ತಿರಲಿ.

ನಕ್ಷತ್ರ ನೋಡುವ ಆಸೆಯಿದ್ದವರು ಡಿಸೆಂಬರ್ 13, 14ರ ಜೆಮಿನಿಡ್ ಉಲ್ಕಾವೃಷ್ಟಿಯ ರಾತ್ರಿಗಳನ್ನು ಬರೆದುಕೊಳ್ಳಲಿ. ಆಗಸ್ಟ್‌ನ ಪರ್ಸೀಡ್ ಹೆಚ್ಚು ಹೆಸರಾದದ್ದಾದರೂ ನಮ್ಮ ಮುಂಗಾರಿನ ಮೋಡ ಅದನ್ನು ಕಾಣಗೊಡುವುದಿಲ್ಲ. ಅಪರಿಚಿತ ಬಯಲಿನಲ್ಲಿ ರಾತ್ರಿ ಕಳೆಯುವ ಬದಲು ಪರಿಚಯದವರ ಹೊಲದ ಮಾಳಿಗೆಯೋ ಹಳ್ಳಿಯ ನೆಂಟರ ಮನೆಯ ಅಂಗಳವೋ ಲೇಸು.

ಬೇಸಿಗೆಯ ತಿಂಗಳುಗಳಿಗೆ

ಮಾರ್ಚ್‌ನಿಂದ ಮೇವರೆಗೆ ಹೊರಗಿನ ಸಾಹಸವನ್ನು ಪಟ್ಟಿಯಿಂದ ತೆಗೆದು, ಆ ಜಾಗಕ್ಕೆ ಕೈಯ ಕೆಲಸವೊಂದನ್ನು ತರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬೀದರಿನ ಬಿದರಿ ಕಲೆಗಿಂತ ಒಳ್ಳೆಯದು ಸಿಗದು. ಸತು ಮತ್ತು ಸ್ವಲ್ಪ ತಾಮ್ರದ ಮಿಶ್ರಣವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ಉಜ್ಜಿ ನುಣುಪು ಮಾಡುತ್ತಾರೆ, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಮೇಲೆ ಉಳಿಯಿಂದ ಚಿತ್ತಾರ ಕೊರೆಯುತ್ತಾರೆ, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ನವಸಾಗರ ಮತ್ತು ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಅದ್ದಿದಾಗ ಸತು ಮಿಶ್ರಣ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಭೌಗೋಳಿಕ ಸೂಚಕ ಪಡೆದ ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿದೆ. ಊರ ನಡುವಿನ ಚೌಬಾರ ಗೋಪುರದ ಸುತ್ತಿನ ಕಾರ್ಯಾಗಾರಗಳಲ್ಲಿ ಕುಳಿತು ನೋಡಲು ಅನುಮತಿ ಕೇಳಬಹುದು. ಉಳಿ ಹಿಡಿದು ಒಂದು ಎಲೆಯ ಗೆರೆ ಕೊರೆಯಲು ಯತ್ನಿಸಿದವರಿಗೆ ಆ ಕುಶಲಕರ್ಮಿಗಳ ಕೈ ಎಷ್ಟು ವರ್ಷಗಳ ಅಭ್ಯಾಸದಿಂದ ಹದಗೊಂಡಿದೆ ಎಂಬುದು ಮನವರಿಕೆಯಾಗುತ್ತದೆ. ಅವರ ಸಮಯಕ್ಕೆ ಹಣ ಕೊಡುವುದು ನ್ಯಾಯ.

ಕಲಬುರಗಿಯಿಂದ ಬೀದರಿಗೆ ಹೋಗಲು ರೈಲು ಒಳ್ಳೆಯದು. 2017ರಲ್ಲಿ ಪೂರ್ಣಗೊಂಡ ಈ ಮಾರ್ಗದಲ್ಲಿ ಮರಗುತ್ತಿಯ ಸುರಂಗ ಸಿಗುತ್ತದೆ, ಮಕ್ಕಳಿಗೆ ಅದೇ ಒಂದು ಹಬ್ಬ. ರಸ್ತೆಯಲ್ಲಿ ಹೋಗುವವರಿಗೆ ಕಮಲಾಪುರದ ಕೆಂಬಾಳೆ ಸಿಗುತ್ತದೆ ಎಂಬ ಲಾಭವಿದೆ.

ಎಷ್ಟು, ಯಾರ ಜೊತೆ

ವರ್ಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಬರೆಯುವುದು ಬೇಡ. ಮಳೆಗಾ‌ಲಕ್ಕೆ ಚಿಂಚೋಳಿ, ನವೆಂಬರ್‌ಗೆ ಯಾದಗಿರಿ ಕೋಟೆ, ಡಿಸೆಂಬರ್‌ಗೆ ಬೋನಾಳ ಅಥವಾ ವಿಭೂತಿಹಳ್ಳಿ, ಬೇಸಿಗೆಗೆ ಬಿದರಿ, ನಡುವೆ ಯಾವಾಗಲಾದರೂ ಝರಣಿ ಎಂದರೆ ಒಂದು ವರ್ಷ ತುಂಬುತ್ತದೆ. ಕೋಟೆ ಏರಿದ ಅನುಭವವಿರುವವರು ಯಾದಗಿರಿಯ ಜಾಗಕ್ಕೆ ಶಹಾಪುರವನ್ನು ತರಬಹುದು. ಖರ್ಚಿನ ದೃಷ್ಟಿಯಿಂದ ರೈಲಿನಲ್ಲಿ ಹೋಗಿಬರಬಹುದಾದ ಯಾದಗಿರಿ, ಬೀದರ್ ಅಗ್ಗ. ಚಿಂಚೋಳಿ, ಬೋನಾಳಕ್ಕೆ ಸ್ವಂತ ಅಥವಾ ಬಾಡಿಗೆ ವಾಹನವಿಲ್ಲದೆ ದಿನ ಸಾಲದು, ಹೀಗಾಗಿ ಅವುಗಳಿಗೆ ನಾಲ್ಕು ಜನ ಕೂಡಿ ಹೊರಡುವುದು ಲಾಭ.

ಹಳ್ಳಿಯ ನಂಟು ಕಡಿದುಹೋದ ನಗರದ ಕುಟುಂಬಗಳಿಗೆ ಇನ್ನೊಂದು ಆಯ್ಕೆಯನ್ನು ಸೇರಿಸುತ್ತೇನೆ. ಎಳ್ಳಮವಾಸ್ಯೆಯ ದಿನ ನಮ್ಮ ಭಾಗದ ರೈತರು ಮನೆಮಂದಿಯೊಂದಿಗೆ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿ ಬಂದವರಿಗೆಲ್ಲ ಬಡಿಸುತ್ತಾರೆ. ಜೋಳ, ಕಡಲೆ, ತೊಗರಿ ನಿಂತ ಹೊಲದಲ್ಲಿ ಇಡೀ ದಿನ ಕಳೆಯುವುದು ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಯಾವ ಚಾರಣಕ್ಕೂ ಕಡಿಮೆಯಲ್ಲದ ಹೊಸತು. ಹೊಲವಿರುವ ಸ್ನೇಹಿತರನ್ನು ಕೇಳಿದರೆ ಬೇಡವೆನ್ನುವವರು ಇಲ್ಲಿ ಇಲ್ಲ. ಬೇರೆ ಅನುಭವಗಳ ದಿನಾಂಕವನ್ನು ನಾವು ಹಿಂದೆ ಮುಂದೆ ಮಾಡಬಹುದು. ಇದರ ತಿಥಿ ಮಾತ್ರ ಡಿಸೆಂಬರ್ ಅಥವಾ ಜನವರಿಯಲ್ಲಿ ವರ್ಷಕ್ಕೊಮ್ಮೆಯೇ ಬರುವುದರಿಂದ, ಪಂಚಾಂಗ ನೋಡಿ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಗುರುತು ಹಾಕಿಕೊಂಡು, ಉಳಿದವನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು.